ಬಗ್ಗೋ, ವೈರಸ್ಸೋ?

ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ "ವೈರಸ್ ಬಂದಿದೆ" ಎಂದೇ ಶುರುವಾಗುತ್ತವೆ. ಪೂರ್ತಿ ಓದಿದರೆ ಕೆಲವು ನಿಜಕ್ಕೂ ವೈರಸ್, ಕೆಲವು ಪ್ರೋಗ್ರಾಮಿನ ತಪ್ಪು, ಒಂದಂತೂ ಬರೀ ಫಾಂಟಿನ ತಕರಾರು. ಮೂರಕ್ಕೂ ಮದ್ದು ಬೇರೆ.

ಪ್ರ: ಬಗ್ ಎಂದರೆ ಹುಳು ತಾನೆ? ಕಂಪ್ಯೂಟರಿನಲ್ಲಿ ಪತಂಗ ಸಿಕ್ಕಿದ್ದರಿಂದ ಆ ಹೆಸರು ಬಂತು ಎಂದು ನಮ್ಮ ಉಪನ್ಯಾಸಕರು ಹೇಳುತ್ತಾರೆ. ಬಗ್ ಹೆಚ್ಚಾದರೆ ವೈರಸ್ ಆಗುತ್ತದೆಯೆ?
— ಡಿಪ್ಲೊಮಾ ವಿದ್ಯಾರ್ಥಿನಿ, ದಾವಣಗೆರೆ

ಉ: ಪತಂಗ ಸಿಕ್ಕಿದ್ದು ನಿಜ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಕಂಪ್ಯೂಟರಿನ ರಿಲೇಯೊಂದರಲ್ಲಿ, ಅಂದರೆ ವಿದ್ಯುತ್ತಿನಿಂದ ಆಡುವ ಸ್ವಿಚ್ಚಿನಲ್ಲಿ, ಅದು ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿ, "ನಿಜವಾದ ಬಗ್ ಸಿಕ್ಕ ಮೊದಲ ಪ್ರಕರಣ" ಎಂದು ಬರೆದಿಟ್ಟರು. ಆ ಪುಟ ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಆದರೆ ಹೆಸರು ಹುಟ್ಟಿದ್ದು ಅಲ್ಲಲ್ಲ. "ನಿಜವಾದ" ಎಂಬ ಮಾತಿನಲ್ಲೇ ತಮಾಷೆ ಇದೆ: ಯಂತ್ರದ ದೋಷಕ್ಕೆ ಬಗ್ ಎನ್ನುವುದು ಆಗಲೇ ರೂಢಿಯಲ್ಲಿತ್ತು. 1878ರಲ್ಲೇ ಎಡಿಸನ್ ತನ್ನ ಪತ್ರದಲ್ಲಿ ಆ ಪದ ಬಳಸಿದ್ದಾನೆ.

ಬಗ್ ಎಷ್ಟೇ ಹೆಚ್ಚಾದರೂ ವೈರಸ್ ಆಗುವುದಿಲ್ಲ. ಬಗ್ ಎಂದರೆ ಬರೆದವರ ಕೈತಪ್ಪು. ಮನೆ ಕಟ್ಟುವಾಗ ಬಾಗಿಲಿಗೆ ಚಿಲಕ ಸರಿಯಾಗಿ ಕೂರಿಸದ ಹಾಗೆ. ವೈರಸ್ ಬೇಕೆಂದೇ ಬರೆದ ಪ್ರೋಗ್ರಾಮು, ತನ್ನ ಪ್ರತಿಯನ್ನು ತಾನೇ ಬೇರೆ ಕಡೆ ಇಡುವುದು ಅದರ ಗುಣ. ಬೇರೆ ಫೈಲಿಗೋ, ಯಂತ್ರ ಶುರುವಾಗುವಾಗ ಮೊದಲು ಓದುವ ಡಿಸ್ಕಿನ ಬೂಟ್ ಭಾಗಕ್ಕೋ ಅಂಟಿಕೊಂಡು ಹರಡಿದರೆ ವೈರಸ್. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ಬರೆದ 'ಬ್ರೇನ್' ಹೀಗೆ ಫ್ಲಾಪಿಯ ಬೂಟ್ ಸೆಕ್ಟರಿಗೆ ಅಂಟುತ್ತಿತ್ತು. ಯಾರ ಹಂಗೂ ಇಲ್ಲದೆ ನೆಟ್‌ವರ್ಕಿನಲ್ಲಿ ತಾನೇ ಹರಿದಾಡಿದರೆ ವರ್ಮ್. ಒಳ್ಳೆಯ ಪ್ರೋಗ್ರಾಮಿನ ವೇಷದಲ್ಲಿ ಬಂದು ನಿಮ್ಮ ಕೈಯಿಂದಲೇ ಬಾಗಿಲು ತೆರೆಸಿದರೆ ಟ್ರೋಜನ್. ಇವತ್ತು ಬಳಕೆದಾರರಿಗೆ ಎದುರಾಗುವುದು ಬಹುಪಾಲು ಈ ಮೂರನೆಯದು. ಬಾಯಲ್ಲಿ ಎಲ್ಲಕ್ಕೂ ವೈರಸ್ ಎನ್ನುತ್ತೇವೆ, ಅಷ್ಟೆ.

ನೀವು ಸಿ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದರೆ ಬಗ್ಗಿಗೂ ವರ್ಮಿಗೂ ಇರುವ ನಂಟು ನಿಮ್ಮ ಲ್ಯಾಬಿನಲ್ಲೇ ಕಾಣುತ್ತದೆ. ಗೆಟ್ಸ್ ಎಂಬ ಫಂಕ್ಷನ್ ಕೀಲಿಮಣೆಯಿಂದ ಬಂದದ್ದನ್ನು ಅಳತೆ ನೋಡದೆ ತುಂಬುತ್ತದೆ. ಪಾವಿನ ಪಾತ್ರೆಗೆ ಸೇರು ಅಕ್ಕಿ ಸುರಿದರೆ ಮುಕ್ಕಾಲು ಪಾಲು ಪಕ್ಕಕ್ಕೆ ಚೆಲ್ಲುತ್ತದಲ್ಲ, ಹಾಗೆ. ಮೆಮೊರಿಯಲ್ಲಿ ಆ 'ಪಕ್ಕ'ದಲ್ಲಿ ಇರುವುದು, ಈ ಫಂಕ್ಷನ್ ಮುಗಿದ ಮೇಲೆ ಎಲ್ಲಿಗೆ ವಾಪಸ್ ಹೋಗಬೇಕು ಎಂಬ ವಿಳಾಸ. ಅದರ ಮೇಲೆ ಬೇರೆ ವಿಳಾಸ ಬರೆದರೆ ಯಂತ್ರ ಕಳ್ಳ ಹೇಳಿದಲ್ಲಿಗೆ ಹೋಗುತ್ತದೆ. 1988ರ ನವೆಂಬರ್ 2ರಂದು ಹೊರಟ ಮಾರಿಸ್ ವರ್ಮ್ ಮಾಡಿದ್ದು ಇದನ್ನೇ: ಯೂನಿಕ್ಸ್ ಯಂತ್ರಗಳಲ್ಲಿ ಬಳಕೆದಾರರ ವಿವರ ತಿಳಿಸುವ ಫಿಂಗರ್ ಸೇವೆ 512 ಬೈಟ್ ಜಾಗ ಇಟ್ಟುಕೊಂಡು ಗೆಟ್ಸಿನಿಂದ ಓದುತ್ತಿತ್ತು, ವರ್ಮ್ 536 ಬೈಟ್ ಕಳಿಸಿತು. ಆ ವರ್ಮಿನಲ್ಲೂ ಒಂದು ಎಡವಟ್ಟಿತ್ತು. ಯಂತ್ರಕ್ಕೆ ಈಗಾಗಲೇ ಸೋಂಕು ತಗುಲಿದ್ದರೂ ಏಳರಲ್ಲಿ ಒಂದು ಸಲ ಮತ್ತೆ ಹೊಕ್ಕು ಕೂರುವಂತೆ ಬರೆದಿದ್ದರಿಂದ ಒಂದೇ ಯಂತ್ರದಲ್ಲಿ ಪ್ರತಿಗಳು ರಾಶಿಬಿದ್ದು ಯಂತ್ರಗಳೇ ಕುಸಿದವು. 2011ರ ಸಿ ಮಾನಕದಿಂದ ಗೆಟ್ಸನ್ನು ತೆಗೆದೇ ಹಾಕಿದ್ದಾರೆ. ನಿಮ್ಮ ಲ್ಯಾಬ್ ಕೈಪಿಡಿಯಲ್ಲಿ ಇನ್ನೂ ಇದ್ದರೆ ಅಲ್ಲಿ ಎಫ್‌ಗೆಟ್ಸ್ ಬರೆಯಿರಿ, ಅದಕ್ಕೆ ಪಾತ್ರೆಯ ಅಳತೆಯನ್ನೂ ಹೇಳಬೇಕಾಗುತ್ತದೆ.

ಪ್ರ: ಎಕ್ಸೆಲ್‌ನಲ್ಲಿ ಬಿಲ್ ಹಾಕುತ್ತೇನೆ. ಸಾಲುಗಳನ್ನು ಕೈಯಲ್ಲಿ ಕೂಡಿದರೆ ಒಂದು ಮೊತ್ತ, ಕಂಪ್ಯೂಟರ್ ತೋರಿಸುವುದು ಒಂದು ಪೈಸೆ ಜಾಸ್ತಿ. ಆಂಟಿವೈರಸ್ ಹಾಕಿ ನೋಡಿದೆ, ಏನೂ ಸಿಗಲಿಲ್ಲ.
— ಹಾರ್ಡ್‌ವೇರ್ ಅಂಗಡಿ, ಹುಬ್ಬಳ್ಳಿ

ಉ: ಸಿಗುವುದೂ ಇಲ್ಲ. 10.15 ರೂಪಾಯಿಯ ಮೂರು ಸಾಮಾನು ಇವೆ ಎಂದುಕೊಳ್ಳಿ. ಒಂದೊಂದಕ್ಕೂ ಶೇ. 9ರ ಸಿಜಿಎಸ್‌ಟಿ 0.9135. ಕೋಶವನ್ನು ಎರಡು ದಶಮಾಂಶಕ್ಕೆ ಹೊಂದಿಸಿದ್ದರೆ ಕಣ್ಣಿಗೆ ಕಾಣುವುದು 0.91, ಮೂರು ಸೇರಿ ನೀವು 2.73 ಎನ್ನುತ್ತೀರಿ. ಎಕ್ಸೆಲ್ ಕೂಡುವುದು ಒಳಗಿರುವ 0.9135ನ್ನು, ಅದಕ್ಕೆ 2.7405, ತೋರಿಸುವುದು 2.74. ತೋರಿಸುವ ರೂಪ ಬದಲಿಸಿದರೆ ಒಳಗಿನ ಸಂಖ್ಯೆ ಬದಲಾಗುವುದಿಲ್ಲ. ಪ್ರತಿ ಸಾಲಿನ ತೆರಿಗೆಗೂ ರೌಂಡ್ ಸೂತ್ರ ಹಾಕಿ 2 ಎಂದು ಕೊಡಿ, ಆಮೇಲೆ ಕೂಡಿ. ಸಾಲಿಗೊಮ್ಮೆ ಸುತ್ತುವುದೋ ಬಿಲ್ಲಿಗೊಮ್ಮೆ ಸುತ್ತುವುದೋ ಒಂದನ್ನು ಗೊತ್ತುಮಾಡಿಕೊಂಡು ಎಲ್ಲ ಬಿಲ್ಲಿಗೂ ಅದನ್ನೇ ಪಾಲಿಸಿ.

ಇದರ ಜೊತೆಗೆ ಇನ್ನೊಂದು ಸೂಕ್ಷ್ಮ ದೋಷವೂ ಇದೆ. ಮೂರರಲ್ಲಿ ಒಂದನ್ನು ನಾವು 0.333 ಎಂದು ಎಷ್ಟು ಬರೆದರೂ ಮುಗಿಯದಂತೆ, ಕಂಪ್ಯೂಟರಿನ ಸೊನ್ನೆ-ಒಂದರ ಲೆಕ್ಕದಲ್ಲಿ 0.1 ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಬಿಲ್ಲಿನಲ್ಲಿ ಇದು ಹೆಚ್ಚೆಂದರೆ ಪೈಸೆಯ ಮಾತು. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನಿನಲ್ಲಿ ಅದು ಪೈಸೆಯ ಮಾತಾಗಿರಲಿಲ್ಲ. ಶತ್ರು ಕ್ಷಿಪಣಿ ತಡೆಯುವ ಅಮೆರಿಕದ ಪೇಟ್ರಿಯಟ್ ವ್ಯವಸ್ಥೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಕಾಲ ಎಣಿಸುತ್ತಿತ್ತು, ಆ 0.1ನ್ನು 24 ಬಿಟ್‌ಗೆ ಕತ್ತರಿಸಿದ್ದರು. 100 ಗಂಟೆ ನಿಲ್ಲಿಸದೆ ಓಡಿಸಿದ್ದರಿಂದ ಗಡಿಯಾರ ಸುಮಾರು 0.34 ಸೆಕೆಂಡು ತಪ್ಪಿತ್ತು. ಅಷ್ಟರಲ್ಲಿ ಇರಾಕಿನ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿರುತ್ತದೆ. ಅದನ್ನು ತಡೆಯಲಾಗದೆ 28 ಅಮೆರಿಕನ್ ಸೈನಿಕರು ಸತ್ತರು. ಹಣದ ಪ್ರೋಗ್ರಾಮು ಬರೆಯುವವರು ರೂಪಾಯಿಯನ್ನು ಪೈಸೆಗೆ ತಿರುಗಿಸಿ ಪೂರ್ಣಾಂಕದಲ್ಲೇ ಇಡುವುದು ಈ ಕಾಟ ಬೇಡವೆಂದೇ.

ಪ್ರ: ಗಿರಾಕಿಗಳ ಪೆನ್‌ಡ್ರೈವ್ ಹಾಕಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗುತ್ತವೆ. ಫಾರ್ಮ್ಯಾಟ್ ಮಾಡಿಕೊಟ್ಟರೂ ಮರುದಿನ ಮತ್ತೆ ಅದೇ. ಒಳಗಿದ್ದ ಫೈಲುಗಳು ಹೋದವೆಂದು ಜಗಳಕ್ಕೆ ಬರುತ್ತಾರೆ.
— ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ, ಶಿರಸಿ

ಉ: ಫೈಲುಗಳು ಎಲ್ಲೂ ಹೋಗಿಲ್ಲ, ದಯವಿಟ್ಟು ಫಾರ್ಮ್ಯಾಟ್ ಮಾಡುವುದನ್ನು ನಿಲ್ಲಿಸಿ. ಈ ವರ್ಮ್ ಅಸಲಿ ಫೋಲ್ಡರುಗಳನ್ನು ಬಚ್ಚಿಟ್ಟು ಅದೇ ಹೆಸರಿನ ಶಾರ್ಟ್‌ಕಟ್ ಮಾಡಿಡುತ್ತದೆ. ಕೆಲವು ತಳಿಗಳು ಇನ್ನೂ ಜಾಣ: ಎಲ್ಲವನ್ನೂ ಹೆಸರೇ ಕಾಣದ ಒಂದು ಫೋಲ್ಡರಿಗೆ ತಳ್ಳಿ, ಡ್ರೈವಿನ ಹೆಸರಿನ ಒಂದೇ ಒಂದು ಶಾರ್ಟ್‌ಕಟ್ ಉಳಿಸುತ್ತವೆ. ಒತ್ತಿದರೆ ಮೊದಲು ವರ್ಮ್ ಓಡುತ್ತದೆ, ಆಮೇಲೆ ಫೋಲ್ಡರೂ ತೆರೆಯುತ್ತದೆ. ಕೆಲಸ ಆಯಿತಲ್ಲ ಎಂದು ಯಾರಿಗೂ ಅನುಮಾನ ಬರುವುದಿಲ್ಲ. ಖಾತ್ರಿಯಾಗಬೇಕಾದರೆ ಶಾರ್ಟ್‌ಕಟ್ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ನೋಡಿ. ಟಾರ್ಗೆಟ್ ಎಂಬಲ್ಲಿ ಫೋಲ್ಡರಿನ ದಾರಿ ಇರುವ ಬದಲು ಸಿಎಂಡಿ, ಡಬ್ಲ್ಯುಸ್ಕ್ರಿಪ್ಟ್ ಅಥವಾ ರನ್‌ಡಿಎಲ್‌ಎಲ್32 ಎಂದಿದ್ದರೆ ಅದೇ.

ಮರುದಿನ ಮತ್ತೆ ಬರುವುದೇಕೆಂದರೆ ಸೋಂಕು ಇರುವುದು ನಿಮ್ಮ ಕಂಪ್ಯೂಟರಿನಲ್ಲಿ. ಪೆನ್‌ಡ್ರೈವ್ ತೊಳೆದು ಅದೇ ಯಂತ್ರಕ್ಕೆ ಚುಚ್ಚಿದರೆ ಕೈ ತೊಳೆದು ಕೆಸರಿಗೇ ಅದ್ದಿದ ಹಾಗೆ. ಆದ್ದರಿಂದ ಮೊದಲು ಕಂಪ್ಯೂಟರ್, ಆಮೇಲೆ ಡ್ರೈವ್.

ಎಲ್ಲ ಪೆನ್‌ಡ್ರೈವ್ ಕಿತ್ತಿಡಿ. ವಿಂಡೋಸ್ ಸೆಕ್ಯುರಿಟಿ ತೆರೆದು ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಅದರಲ್ಲಿ ಸ್ಕ್ಯಾನ್ ಆಪ್ಷನ್ಸ್, ಅದರಲ್ಲಿ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಯಂತ್ರ ಮರುಪ್ರಾರಂಭವಾಗಿ ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ, ಸುಮಾರು 15 ನಿಮಿಷ ಬೇಕು. ವಿಂಡೋಸ್ ಓಡುತ್ತಿರುವಾಗ ವರ್ಮ್ ತನ್ನ ಫೈಲನ್ನು ಹಿಡಿದುಕೊಂಡಿರುತ್ತದೆ, ಅಳಿಸಿದರೂ ಇನ್ನೊಂದು ಪ್ರತಿ ಹುಟ್ಟುತ್ತದೆ. ಅದಕ್ಕೇ ಈ ಸುತ್ತು. ನಂತರ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯನ್ನೂ ಟಾಸ್ಕ್ ಶೆಡ್ಯೂಲರನ್ನೂ ತೆರೆದು, ಗುರುತಿಲ್ಲದ ಸ್ಕ್ರಿಪ್ಟ್ ಓಡಿಸುವ ಸಾಲುಗಳಿದ್ದರೆ ನಿಷ್ಕ್ರಿಯ ಮಾಡಿ.

ಈಗ ಡ್ರೈವ್. ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಗುರುತು ಹಾಕಿ (ವಿಂಡೋಸ್ 11ರಲ್ಲಿ ಅದು ವ್ಯೂ, ಶೋ ಒಳಗಿದೆ). ಅಷ್ಟಕ್ಕೆ ಕಾಣದಿದ್ದರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಎಂಬುದರ ಗುರುತು ತೆಗೆಯಿರಿ. ಕಳೆದ ಫೋಲ್ಡರುಗಳು ಮಸುಕಾಗಿ ಕಾಣುತ್ತವೆ. ಪ್ರಾಪರ್ಟೀಸಿಗೆ ಹೋಗಿ ಹಿಡನ್ ಗುರುತು ತೆಗೆಯಲು ನೋಡಿದರೆ ಆ ಚೌಕ ಒತ್ತಲಾಗದು, ಏಕೆಂದರೆ ವರ್ಮ್ ಸಿಸ್ಟಮ್ ಎಂಬ ಇನ್ನೊಂದು ಗುರುತನ್ನೂ ಹಾಕಿರುತ್ತದೆ. ಅದರ ಜೊತೆ ಗುದ್ದಾಡಬೇಡಿ. ಕಂಪ್ಯೂಟರಿನಲ್ಲಿ ಹೊಸ ಫೋಲ್ಡರ್ ಮಾಡಿ, ಮಸುಕು ಫೋಲ್ಡರಿನ ಒಳಗೆ ಹೋಗಿ ದಾಖಲೆಗಳನ್ನು ಮಾತ್ರ ಅದಕ್ಕೆ ನಕಲು ಮಾಡಿ: ವರ್ಡ್, ಪೇಜ್‌ಮೇಕರ್, ಕೋರೆಲ್, ಪಿಡಿಎಫ್, ಚಿತ್ರಗಳು. ಇಎಕ್ಸ್‌ಇ, ವಿಬಿಎಸ್, ಜೆಎಸ್, ಎಲ್‌ಎನ್‌ಕೆ ಬಾಲದವು ಯಾವುವೂ ಬೇಡ. ಬಾಲ ಕಾಣಲು ಅದೇ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಗುರುತಿಸಿ, ಇದನ್ನು ಯಾವತ್ತೂ ಹಾಗೇ ಬಿಡಿ. ಇಷ್ಟಾದ ಮೇಲೆ ಡ್ರೈವಿಗೆ ಕ್ವಿಕ್ ಫಾರ್ಮ್ಯಾಟ್ ಸಾಕು.

ಹಿಂದೆ ಈ ವರ್ಮ್‌ಗಳಿಗೆ ಶಾರ್ಟ್‌ಕಟ್ಟೇ ಬೇಕಿರಲಿಲ್ಲ. ಆಟೋರನ್ ಫೈಲು ಇಟ್ಟರೆ ಡ್ರೈವ್ ಚುಚ್ಚಿದ ಕೂಡಲೇ ಓಡುತ್ತಿದ್ದವು. ವಿಂಡೋಸ್ 7 ಆ ದಾರಿ ಮುಚ್ಚಿತು, 2011ರ ಫೆಬ್ರವರಿಯ ಅಪ್‌ಡೇಟಿನಿಂದ ಎಕ್ಸ್‌ಪಿಯಲ್ಲೂ ಮುಚ್ಚಿತು. ಆಮೇಲೆಯೇ ನಿಮ್ಮ ಬೆರಳಿನಿಂದ ಒತ್ತಿಸುವ ಈ ಉಪಾಯ ಹೆಚ್ಚಿತು. ನಡುವೆ 2010ರಲ್ಲಿ ಸ್ಟಕ್ಸ್‌ನೆಟ್ ಎಂಬ ವರ್ಮ್ ಬಂತು. ಶಾರ್ಟ್‌ಕಟ್ಟಿನ ಚಿತ್ರ ತೋರಿಸುವ ವಿಂಡೋಸ್ ಭಾಗದಲ್ಲೇ ಒಂದು ಬಗ್ ಇದ್ದು, ಫೋಲ್ಡರ್ ತೆರೆದು ಸುಮ್ಮನೆ ನೋಡಿದರೂ ಅದು ಒಳಹೊಕ್ಕುತ್ತಿತ್ತು. ಆ ವರ್ಷ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಅದನ್ನು ಸರಿಪಡಿಸಿತು. ಅಪ್‌ಡೇಟ್ ಬಿಡಬೇಡಿ ಎನ್ನುವುದು ಇಂಥದಕ್ಕೆ.

ಅಂಗಡಿಗೆ ಒಂದು ಸಲಹೆ: ಗಿರಾಕಿಯ ಡ್ರೈವಿನಿಂದ ನೇರ ಪ್ರಿಂಟ್ ಕೊಡಬೇಡಿ. ಇಂಟರ್ನೆಟ್ ಇಲ್ಲದ ಹಳೆಯ ಯಂತ್ರವೊಂದರಲ್ಲಿ ಲಿನಕ್ಸ್ ಹಾಕಿ, ಡ್ರೈವನ್ನು ಅಲ್ಲೇ ಚುಚ್ಚಿ ಬೇಕಾದ ಫೈಲಷ್ಟನ್ನೇ ತೆಗೆದುಕೊಳ್ಳಿ. ವಿಂಡೋಸಿನ ವರ್ಮ್ ಅಲ್ಲಿ ಓಡುವುದಿಲ್ಲ, ಬಚ್ಚಿಟ್ಟ ಫೋಲ್ಡರೂ ಮಾಮೂಲಿನಂತೆ ಕಾಣುತ್ತದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ ಸೈಬರ್ ಸ್ವಚ್ಛತಾ ಕೇಂದ್ರ ಜಾಲತಾಣದಲ್ಲಿ ಯುಎಸ್‌ಬಿ ಪ್ರತಿರೋಧ್ ಎಂಬ ಉಚಿತ ಸಾಧನವೂ ಇದೆ.

ಪ್ರ: ಹತ್ತು ವರ್ಷದ ಹಿಂದೆ ಟೈಪ್ ಮಾಡಿಸಿದ ನನ್ನ ಕಥಾಸಂಕಲನದ ಫೈಲನ್ನು ವೈರಸ್ ತಿಂದುಹಾಕಿದೆ. ಕನ್ನಡದ ಬದಲು ಗೆರೆ, ಚುಕ್ಕೆ, ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳು.
— ನಿವೃತ್ತ ಶಿಕ್ಷಕರು, ತುಮಕೂರು

ಉ: ತಿಂದಿಲ್ಲ ಸಾರ್, ಒಂದಕ್ಷರವೂ ಹಾಳಾಗಿಲ್ಲ. ಆಗಿನ 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಎನ್ಕೋಡಿಂಗಿನಲ್ಲಿ ಕನ್ನಡಕ್ಕೆ ಬೇರೆ ಸಂಕೇತ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಆ ಫಾಂಟ್ ಇಲ್ಲದ ಯಂತ್ರ ಒಳಗಿದ್ದದ್ದನ್ನು ಇದ್ದಂತೆ ತೋರಿಸುತ್ತಿದೆ. ಟೈಪ್ ಮಾಡಿದ್ದು ನುಡಿಯಲ್ಲೋ ಬರಹದಲ್ಲೋ ಕೇಳಿ, ಆ ಫಾಂಟ್ ಹಾಕಿದರೆ ಕನ್ನಡ ಮರಳುತ್ತದೆ. ನಂತರ ಆಸ್ಕಿಯಿಂದ (ಈ ಹಳೆಯ ಪದ್ಧತಿಗೆ ರೂಢಿಯ ಹೆಸರು) ಯೂನಿಕೋಡಿಗೆ (ಕನ್ನಡಕ್ಕೆ ಬೇರೆಯೇ ಸಂಕೇತವಿರುವ ಈಗಿನ ಪದ್ಧತಿ) ಬದಲಿಸುವ ಪರಿವರ್ತಕದಲ್ಲಿ ಹಾಯಿಸಿ ಹೊಸ ಫೈಲು ಉಳಿಸಿ, ಹಳೆಯದನ್ನೂ ಅಳಿಸಬೇಡಿ. ಪರಿವರ್ತನೆಯಾದ ಪಠ್ಯದಲ್ಲಿ ಅರ್ಕಾವತ್ತು, ಒತ್ತಕ್ಷರ ಮತ್ತು ನಡುವೆ ಬರುವ ಇಂಗ್ಲಿಷ್ ಪದ, ಅಂಕಿಗಳನ್ನು ಒಂದು ಸಲ ಕಣ್ಣಿಟ್ಟು ಓದಿ. ಪರಿವರ್ತಕಗಳು ಎಡವುವುದು ಅಲ್ಲೇ.

ಪ್ರ: ವಾಟ್ಸಾಪಿನಲ್ಲಿ ಪರಿಚಯದವರಿಂದ ಮದುವೆ ಕರೆಯೋಲೆ ಬಂತು. ಒತ್ತಿದಾಗ ಏನೋ ಇನ್‌ಸ್ಟಾಲ್ ಆಯಿತು, ಕರೆಯೋಲೆ ಕಾಣಲಿಲ್ಲ. ಈಗ ನನ್ನ ನಂಬರಿನಿಂದ ಎಲ್ಲರಿಗೂ ಅದೇ ಹೋಗುತ್ತಿದೆಯಂತೆ.
— ಗೃಹಿಣಿ, ಮಂಡ್ಯ

ಉ: ಇದು ಮೇಲಿನವುಗಳಂತೆ ನಿಧಾನವಾಗಿ ನೋಡುವ ವಿಷಯವಲ್ಲ. ಬಂದದ್ದು ಎಪಿಕೆ, ಅಂದರೆ ಆಂಡ್ರಾಯ್ಡ್ ಆ್ಯಪಿನ ಕಟ್ಟು. ಕರೆಯೋಲೆ ಚಿತ್ರವಾಗಿ, ಪಿಡಿಎಫ್ ಆಗಿ, ವಿಡಿಯೋ ಆಗಿ ಬರುತ್ತದೆ. ಎಪಿಕೆ ಆಗಿ ಬರುವುದಿಲ್ಲ. ಆರ್‌ಟಿಒ ಚಲನ್, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಹೆಸರಿನಲ್ಲೂ ಇದೇ ಬರುತ್ತದೆ. ಒಳಹೊಕ್ಕ ಆ್ಯಪ್ ಎಸ್‌ಎಂಎಸ್ ಓದುವ ಅನುಮತಿ ಕೇಳಿ ಪಡೆದು, ನಿಮಗೆ ಬಂದ ಒಟಿಪಿಯನ್ನು ಕಳ್ಳನಿಗೆ ದಾಟಿಸುತ್ತದೆ.

ಮೊದಲು ಫ್ಲೈಟ್ ಮೋಡ್ ಹಾಕಿ, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ. ಇನ್ನು ಒಟಿಪಿ ಬಂದರೂ ಆ ಆ್ಯಪಿಗೆ ಸಿಗದು. ಆ ಫೋನಿನಿಂದಲೇ ಬ್ಯಾಂಕಿಗೆ ಕರೆಮಾಡಿ ಯುಪಿಐ, ನೆಟ್‌ಬ್ಯಾಂಕಿಂಗ್, ಕಾರ್ಡ್ ತಡೆಹಿಡಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಯುವುದಕ್ಕೇ ಆ ಸಂಖ್ಯೆ ಇರುವುದು. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಆಮೇಲೆ ಫೋನಿನ ಕಡೆ ಬನ್ನಿ. ಪವರ್ ಗುಂಡಿ ಒತ್ತಿದಾಗ ಬರುವ 'ಪವರ್ ಆಫ್' ಚಿಹ್ನೆಯನ್ನು ಒತ್ತಿ ಹಿಡಿದರೆ ಬಹಳಷ್ಟು ಫೋನುಗಳು ಸೇಫ್ ಮೋಡಿಗೆ ಹೋಗಲೇ ಎಂದು ಕೇಳುತ್ತವೆ. ಆ ಸ್ಥಿತಿಯಲ್ಲಿ ಹೊರಗಿನಿಂದ ಬಂದ ಆ್ಯಪ್‌ಗಳು ಓಡುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ 'ಡಿವೈಸ್ ಅಡ್ಮಿನ್ ಆ್ಯಪ್ಸ್' ಹುಡುಕಿ, ಗುರುತಿಲ್ಲದ್ದರ ಅಧಿಕಾರ ಕಿತ್ತುಹಾಕಿ. ಅದಿರುವ ತನಕ ಅನ್‌ಇನ್‌ಸ್ಟಾಲ್ ಗುಂಡಿ ಕೆಲಸ ಮಾಡುವುದಿಲ್ಲ. ಆಕ್ಸೆಸಿಬಿಲಿಟಿ, ನೋಟಿಫಿಕೇಶನ್ ಆಕ್ಸೆಸ್ ಎರಡರಲ್ಲೂ ಹಾಗೇ ಮಾಡಿ. ನಂತರ ಆ್ಯಪ್‌ಗಳ ಪೂರ್ಣ ಪಟ್ಟಿಯಿಂದ ಅದನ್ನು ತೆಗೆಯಿರಿ. ಮುಖಪುಟದಲ್ಲಿ ಹುಡುಕಿ ಪ್ರಯೋಜನವಿಲ್ಲ, ಚಿಹ್ನೆಯನ್ನು ಅದು ಬಚ್ಚಿಟ್ಟಿರುತ್ತದೆ. ಪಟ್ಟಿಯಲ್ಲೂ ಹೆಸರು ಖಾಲಿ ಇರಬಹುದು. ಅದು ಹೋದ ಮೇಲೆ ಫೋನನ್ನು ಮಾಮೂಲಿ ಸ್ಥಿತಿಗೆ ತಂದು, ವಾಟ್ಸಾಪಿನ ಲಿಂಕ್ಡ್ ಡಿವೈಸಸ್‌ನಲ್ಲಿ ಇರುವುದನ್ನೆಲ್ಲ ಲಾಗ್‌ಔಟ್ ಮಾಡಿ. ಪಾಸ್‌ವರ್ಡ್ ಬದಲಿಸುವುದು ಬೇರೆ ಫೋನಿನಿಂದ. ಬ್ಯಾಂಕ್ ಆ್ಯಪ್ ಇರುವ ಫೋನಾದ್ದರಿಂದ, ಫೋಟೋಗಳನ್ನು ತೆಗೆದಿಟ್ಟುಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿಬಿಡುವುದೇ ಕ್ಷೇಮ. ಹಳೆಯ ಆ್ಯಪ್‌ಗಳನ್ನು ಬ್ಯಾಕಪ್ಪಿನಿಂದ ಒಟ್ಟಿಗೆ ತರಿಸದೆ ಪ್ಲೇ ಸ್ಟೋರಿನಿಂದ ಒಂದೊಂದಾಗಿ ಹಾಕಿಕೊಳ್ಳಿ.

ಇದೇ ಕರೆಯೋಲೆ ಬಂದು, ಡೌನ್‌ಲೋಡ್ ಆಗಿ, ಇನ್‌ಸ್ಟಾಲ್ ಒತ್ತದೆ ಬಿಟ್ಟವರು ಹೆದರಬೇಕಿಲ್ಲ. ಫೈಲು ಅಳಿಸಿ ಸುಮ್ಮನಿರಿ.

ಪ್ರ: ಆಫೀಸಿನ ಎಲ್ಲ ಫೈಲಿನ ಹೆಸರಿನ ಕೊನೆಗೆ ವಿಚಿತ್ರ ಬಾಲ ಸೇರಿಕೊಂಡಿದೆ, ದುಡ್ಡು ಕೇಳುವ ಚೀಟಿಯೂ ಇದೆ. ಟ್ಯಾಲಿ ಡೇಟಾ ತೆರೆಯುತ್ತಿಲ್ಲ.
— ಲೆಕ್ಕಪರಿಶೋಧಕರ ಕಚೇರಿ, ಮಂಗಳೂರು

ಉ: ರ‍್ಯಾನ್ಸಮ್‌ವೇರ್. ಫೈಲುಗಳಿಗೆ ಬೀಗ ಹಾಕಿ, ತೆರೆಯುವ ಕೀಲಿಗೆ ದುಡ್ಡು ಕೇಳುವ ಪ್ರೋಗ್ರಾಮು ಇದು. ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆರಿಸಿ, ಬ್ಯಾಕಪ್ ಡಿಸ್ಕ್ ಚುಚ್ಚಿದ್ದರೆ ಮೊದಲು ಅದನ್ನು ತೆಗೆಯಿರಿ. ಮರುಪ್ರಾರಂಭ ಮಾಡಬೇಡಿ. 2017ರಲ್ಲಿ ವಾನಾಕ್ರೈ ಎಂಬ ಇಂಥದೇ ಪ್ರೋಗ್ರಾಮು ಹರಡಿದ ಹೊತ್ತಿನಲ್ಲಿ, ಯಂತ್ರ ಮರುಪ್ರಾರಂಭ ಮಾಡದವರಲ್ಲಿ ಕೆಲವರಿಗೆ ಮೆಮೊರಿಯಲ್ಲಿ ಉಳಿದಿದ್ದ ಸಂಖ್ಯೆಗಳಿಂದಲೇ ಕೀಲಿ ಸಿಕ್ಕಿತ್ತು. ಬೇರೆ ಯಂತ್ರದಿಂದ 'ನೋ ಮೋರ್ ರ‍್ಯಾನ್ಸಮ್' ತಾಣಕ್ಕೆ ಹೋಗಿ ಚೀಟಿಯನ್ನೂ ಕೆಟ್ಟ ಫೈಲೊಂದನ್ನೂ ಕೊಟ್ಟರೆ ಯಾವ ತಳಿ, ಬಿಡಿಸುವ ಸಾಧನ ಇದೆಯೇ ಎಂದು ಹೇಳುತ್ತದೆ. ಯುರೋಪೋಲ್ ಮತ್ತು ಡಚ್ ಪೊಲೀಸರು ಸೇರಿ 2016ರಲ್ಲಿ ಶುರುಮಾಡಿದ ಉಚಿತ ತಾಣ ಅದು. ಗಿರಾಕಿಯ ಫೈಲು ಕೊಡುವಾಗ ಗುಟ್ಟಿನ ಮಾಹಿತಿ ಇಲ್ಲದ್ದನ್ನೇ ಆರಿಸಿ. ಇವತ್ತು ಸಾಧನ ಇಲ್ಲದಿದ್ದರೂ ಫೈಲುಗಳನ್ನು ಅಳಿಸಬೇಡಿ, ಕೀಲಿಗಳು ತಡವಾಗಿ ಹೊರಬಂದದ್ದುಂಟು. 2022ರ ಏಪ್ರಿಲ್ ನಿರ್ದೇಶನದಂತೆ ಸಂಸ್ಥೆಗಳು ಇಂಥದನ್ನು ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ ಮಾಡಬೇಕು.

ಎಲ್ಲಿಂದ ಬಂತೆಂದು ಹುಡುಕುವಾಗ, ಮನೆಯಿಂದ ಟ್ಯಾಲಿ ನೋಡಲೆಂದು ಯಾರಾದರೂ ರಿಮೋಟ್ ಡೆಸ್ಕ್‌ಟಾಪನ್ನು ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದಾರೆಯೇ ಮೊದಲು ನೋಡಿ. ಅದು ಬಳಸುವ ಬಾಗಿಲಾದ 3389ನೇ ಪೋರ್ಟು, ಸುಲಭದ ಪಾಸ್‌ವರ್ಡು, ಇವೆರಡು ಸೇರಿದರೆ ಸಾಕು. ಇನ್ನು ಬ್ಯಾಕಪ್: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಕಚೇರಿಯಿಂದ ಹೊರಗೆ. ನಕಲು ಮುಗಿದ ಕೂಡಲೇ ಡಿಸ್ಕನ್ನು ಕಿತ್ತು ಬೀರುವಿನಲ್ಲಿಡಿ, ಚುಚ್ಚಿದ್ದ ಡಿಸ್ಕ್ ಕೂಡ ಬೀಗ ಬಿದ್ದವುಗಳ ಸಾಲಿಗೇ ಸೇರುತ್ತದೆ. ಗೂಗಲ್ ಡ್ರೈವಿಗೆ ಸಿಂಕ್ ಆಗುತ್ತದಲ್ಲ ಎಂದು ನಿಶ್ಚಿಂತೆ ಬೇಡ, ಕೆಟ್ಟ ಫೈಲೂ ಅಷ್ಟೇ ಶ್ರದ್ಧೆಯಿಂದ ಸಿಂಕ್ ಆಗುತ್ತದೆ. ಹಳೆಯ ಆವೃತ್ತಿ ಅಲ್ಲಿ ಸಾಮಾನ್ಯವಾಗಿ 30 ದಿನ ಉಳಿಯುವುದರಿಂದ ಬೇಗ ಎಚ್ಚೆತ್ತರೆ ಬಚಾವು.

ಪ್ರ: ಅಪ್‌ಡೇಟ್ ಹಾಕಿದರೆ ಕೆಡುತ್ತದೆ, ಹಾಕದಿದ್ದರೆ ವೈರಸ್ ಎನ್ನುತ್ತೀರಿ. ಯಾವುದನ್ನು ನಂಬುವುದು?
— ಕಾಲೇಜು ಕಂಪ್ಯೂಟರ್ ಲ್ಯಾಬ್ ಸಹಾಯಕರು, ಕಲಬುರಗಿ

ಉ: ಎರಡಕ್ಕೂ ಸಾಕ್ಷಿ ಇದೆ. ವಾನಾಕ್ರೈ ಬಳಸಿದ ಬಗ್ಗಿಗೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಪ್ಯಾಚ್ ಕೊಟ್ಟಿತ್ತು, ದಾಳಿ ನಡೆದದ್ದು ಮೇ 12ಕ್ಕೆ. ನಡುವಿನ 59 ದಿನಗಳಲ್ಲಿ ಹಾಕಿಕೊಂಡ ಯಂತ್ರಗಳಿಗೆ ಅದು ಆ ದಾರಿಯಿಂದ ಬರಲಾಗಲಿಲ್ಲ. ಇನ್ನೊಂದು ಕಡೆ, 2024ರ ಜುಲೈ 19ರಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅದು ವೈರಸ್ ಅಲ್ಲ, ವೈರಸ್ ಹಿಡಿಯಬೇಕಾದ ಕ್ರೌಡ್‌ಸ್ಟ್ರೈಕ್ ತಂತ್ರಾಂಶದ ಬಗ್. ಹೊಸ ಫೈಲು 21 ಮಾಹಿತಿ ಕೇಳುತ್ತಿತ್ತು, ಒಳಗಿನ ಪ್ರೋಗ್ರಾಮು ಕೊಡುತ್ತಿದ್ದದ್ದು 20. ಇಲ್ಲದ ಇಪ್ಪತ್ತೊಂದನೆಯದಕ್ಕೆ ಕೈಚಾಚಿದಾಗ, ಅದು ವಿಂಡೋಸಿನ ತಿರುಳಿನಲ್ಲೇ ಓಡುತ್ತಿದ್ದುದರಿಂದ ಇಡೀ ಯಂತ್ರವೇ ಬಿತ್ತು. ತಪ್ಪು ಫೈಲನ್ನು ಹಿಂತೆಗೆಯಲು 78 ನಿಮಿಷ ಸಾಕಾಯಿತು. ಬಿದ್ದ ಯಂತ್ರಗಳನ್ನು ಏಳಿಸಲು ಮಾತ್ರ ಒಂದೊಂದರ ಮುಂದೆಯೂ ಕೂತು ಸೇಫ್ ಮೋಡಿನಲ್ಲಿ ಆ ಫೈಲು ಅಳಿಸಬೇಕಾಯಿತು.

ಮನೆಯಲ್ಲಾದರೆ ಅಪ್‌ಡೇಟ್ ತಾನಾಗಿ ಆಗಲು ಬಿಡಿ. ನಿಮ್ಮ ಲ್ಯಾಬಿನಲ್ಲಿ 30 ಯಂತ್ರಗಳಿದ್ದರೆ ಮೊದಲು ಎರಡಕ್ಕೆ ಹಾಕಿ, ಎರಡು ಮೂರು ದಿನ ಪಾಠ ನಡೆಸಿ ನೋಡಿ, ಆಮೇಲೆ ಉಳಿದವಕ್ಕೆ. ವಾರಕ್ಕಿಂತ ಹೆಚ್ಚು ಮುಂದೂಡಬೇಡಿ. ಪ್ಯಾಚ್ ಹೊರಬಿದ್ದ ಕ್ಷಣದಿಂದ ಅದನ್ನು ಬಿಚ್ಚಿನೋಡಿ ತೂತು ಎಲ್ಲಿತ್ತೆಂದು ತಿಳಿಯುವವರು ಇರುತ್ತಾರೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11 ಹಾಕಲಾಗದ ಯಂತ್ರಗಳಿಗೆ ಲಿನಕ್ಸ್ ಹಾಕಿ, ಸಿ ಮತ್ತು ಪೈಥಾನ್ ಕಲಿಸಲು ಅದೇನೂ ಕಡಿಮೆಯಲ್ಲ.

ಪ್ರ: ಎರಡು ಆಂಟಿವೈರಸ್ ಹಾಕಿದರೆ ದುಪ್ಪಟ್ಟು ರಕ್ಷಣೆಯೆ?
— ವಿದ್ಯಾರ್ಥಿ, ಚಿಕ್ಕಮಗಳೂರು

ಉ: ಇಲ್ಲ. ಒಂದೇ ಫೈಲನ್ನು ಇಬ್ಬರು ಕಾವಲುಗಾರರು ಹಿಡಿದೆಳೆದು ಯಂತ್ರ ತೆವಳುತ್ತದೆ. ಬೇರೆಯದನ್ನು ಹಾಕಿದರೆ ವಿಂಡೋಸಿನ ಡಿಫೆಂಡರ್ ತಾನಾಗಿ ಹಿಂದೆ ಸರಿಯುವುದು ಅದಕ್ಕೇ. ಇರುವ ಒಂದು ಕೆಲಸ ಮಾಡುತ್ತಿದೆಯೇ ನೋಡಬೇಕಾದರೆ ಐಕಾರ್ ಪರೀಕ್ಷಾ ಫೈಲು ಇಳಿಸಿಕೊಳ್ಳಿ. ಬರೀ 68 ಅಕ್ಷರದ, ಯಾವ ಕೇಡೂ ಮಾಡದ ಫೈಲು ಅದು, ಆಂಟಿವೈರಸ್‌ಗಳು ವೈರಸ್ಸೆಂದೇ ಕೂಗಬೇಕೆಂದು ಒಪ್ಪಿಕೊಂಡಿರುವುದು. ಕೂಗದಿದ್ದರೆ ರಕ್ಷಣೆ ಆರಿಹೋಗಿದೆ ಎಂದರ್ಥ.

ಪ್ರ: 2038ಕ್ಕೆ ಕಂಪ್ಯೂಟರುಗಳೆಲ್ಲ ನಿಲ್ಲುತ್ತವಂತೆ, ನಿಜವೆ?
— ಓದುಗರು, ವಿಜಯಪುರ

ಉ: ಎಲ್ಲವೂ ಅಲ್ಲ. 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತ ಅದನ್ನು 32 ಬಿಟ್‌ನಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆಗಳಿಗೆ 2,147,483,647 ಕೊನೆಯ ಸಂಖ್ಯೆ. ಅದು ತುಂಬುವುದು 2038ರ ಜನವರಿ 19, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮುಂದಿನ ಸೆಕೆಂಡು ಅವುಗಳ ಪಾಲಿಗೆ 1901ರ ಡಿಸೆಂಬರ್. ಈಗಿನ 64 ಬಿಟ್ ಫೋನು, ಕಂಪ್ಯೂಟರುಗಳಿಗೆ ಈ ತೊಂದರೆ ಇಲ್ಲ. ಹಳೆಯ ರೂಟರ್, ಕಾರ್ಖಾನೆಯ ನಿಯಂತ್ರಕ, ಹಾಜರಿ ಯಂತ್ರಗಳಲ್ಲಿ ಇರಬಹುದು. ನಿಮ್ಮಲ್ಲಿ ಅಂಥದೊಂದು ಇದ್ದರೆ, ಅದರ ದಾಖಲೆಗಳ ನಕಲು ತೆಗೆದಿಟ್ಟುಕೊಂಡು, ಕೆಲಸವಿಲ್ಲದ ದಿನ ತಾರೀಖನ್ನು 2038ರ ಜನವರಿ 18ಕ್ಕೆ ಇಟ್ಟು ಮರುದಿನ ಬೆಳಿಗ್ಗೆ ಏನಾಗುತ್ತದೆ ನೋಡಿ. ನೋಡಿಯಾದ ಮೇಲೆ ತಾರೀಖು ಸರಿಮಾಡಲು ಮರೆಯಬೇಡಿ.